ಜಯನಗರ–ರಾಗಿಗುಡ್ಡ ಕಡೆ ಫುಲ್ ಫರ್ನಿಶ್ಡ್ ಮನೆ: ಅಡ್ವಾನ್ಸ್ ಕೊಡುವ ಮೊದಲು ಏನೇನು ನೋಡಬೇಕು?

ಸಾಗರದವಳು

ಎಲ್ಲರಿಗೂ ನಮಸ್ಕಾರ. ನನಗೆ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯಲ್ಲಿ ಕೆಲಸ ಸಿಕ್ಕಿದೆ. ತಂಗಿಗೆ ಜಯನಗರದಲ್ಲಿ ಎಂಕಾಂ ಸೀಟು. ಇಬ್ಬರೂ ಸೇರಿ ಒಂದು ಮನೆ ಮಾಡೋಣ ಅಂತ ಹುಡುಕುತ್ತಿದ್ದೇವೆ. ಹಳದಿ ಮೆಟ್ರೋ ಇರುವುದರಿಂದ ರಾಗಿಗುಡ್ಡ ಅಥವಾ ಆರ್‌.ವಿ. ರಸ್ತೆ ನಿಲ್ದಾಣದ ಹತ್ತಿರ ಮನೆ ಸಿಕ್ಕಿದರೆ ನನಗೆ ಒಂದೇ ರೈಲು, ಅವಳಿಗೂ ಕಾಲೇಜು ಹತ್ತಿರ.

ಒಂದು ಎರಡು ಬೆಡ್‌ರೂಮಿನ ಮನೆ ನೋಡಿದೆವು. ಫುಲ್ ಫರ್ನಿಶ್ಡ್. ಮಂಚ, ಸೋಫಾ, ಫ್ರಿಜ್, ವಾಷಿಂಗ್ ಮಷಿನ್, ಟಿವಿ, ಡೈನಿಂಗ್ ಟೇಬಲ್, ಒಂದು ರೂಮಿಗೆ ಎಸಿ ಎಲ್ಲ ಇದೆ. ಬಾಡಿಗೆ 42,000, ಮೇಂಟೆನೆನ್ಸ್ ಬೇರೆ. ಅಡ್ವಾನ್ಸ್ ಎರಡೂವರೆ ಲಕ್ಷ ಕೇಳುತ್ತಿದ್ದಾರೆ. ಓನರ್ ಅಮೆರಿಕದಲ್ಲಿದ್ದಾರೆ, ಬೀಗದ ಕೈ ಅವರ ಭಾವಮೈದನ ಹತ್ತಿರ. ಅದೇ ಬಿಲ್ಡಿಂಗಿನಲ್ಲಿ ಇಷ್ಟೇ ದೊಡ್ಡ ಸೆಮಿ ಫರ್ನಿಶ್ಡ್ ಮನೆಗೆ 32,000 ಅಂತೆ.

ಆಷಾಢ ಮುಗಿದರೆ ಬಾಡಿಗೆ ಏರುತ್ತದೆ, ಈ ವಾರವೇ ಟೋಕನ್ ಕೊಟ್ಟುಬಿಡಿ ಅಂತ ಬ್ರೋಕರ್ ಒತ್ತಾಯ ಮಾಡುತ್ತಿದ್ದಾರೆ. ಮನೆ ಚೆನ್ನಾಗಿದೆ. ಆದರೆ ಇಷ್ಟು ದುಡ್ಡು ಅಪ್ಪನ ಕೈಯಿಂದ ಬರಬೇಕು, ಹೋಗುವಾಗ ಪೂರ್ತಿ ವಾಪಸ್ ಬರುತ್ತದೆ ಅನ್ನುವ ಧೈರ್ಯ ಬೇಕು. ಸಾಮಾನು ಸಮೇತ ಮನೆ ಹಿಡಿದವರು, ಕೊಟ್ಟವರು ಇಬ್ಬರೂ ದಯವಿಟ್ಟು ಹೇಳಿ.

ಒಂಬತ್ತನೇ ಬ್ಲಾಕ್ ನಿವಾಸಿ

ಮೊದಲು ಆ ಆಷಾಢದ ಮಾತಿಗೆ ಬರುತ್ತೇನೆ. ಆಷಾಢದಲ್ಲಿ ನಮ್ಮವರು ಮನೆ ಬದಲಿಸುವುದಿಲ್ಲ, ಹಾಲು ಉಕ್ಕಿಸುವುದಿಲ್ಲ. ಹಾಗಾಗಿ ಖಾಲಿ ಮನೆ ಖಾಲಿಯಾಗೇ ಇರುತ್ತದೆ, ಓನರ್‌ಗೆ ಒಂದು ತಿಂಗಳ ಬಾಡಿಗೆ ಹೋಗುತ್ತಿರುತ್ತದೆ. ಚೌಕಾಸಿ ಮಾಡಲು ಇದಕ್ಕಿಂತ ಒಳ್ಳೆ ತಿಂಗಳು ಇಲ್ಲ. ಧನುರ್ಮಾಸದಲ್ಲೂ ಹೀಗೇ. ಅವಸರ ಬ್ರೋಕರ್‌ಗೆ, ನಿಮಗಲ್ಲ.

ಜಾಗದ ಬಗ್ಗೆ: ನಿಮ್ಮ ಆಯ್ಕೆ ಸರಿಯಾಗಿದೆ. ಹಳದಿ ಮಾರ್ಗ 2025ರ ಆಗಸ್ಟ್‌ನಲ್ಲಿ ಶುರುವಾಯಿತು. ಮೊದಲು ಮೂರೇ ರೈಲು, 25 ನಿಮಿಷಕ್ಕೊಂದು ಬರುತ್ತಿತ್ತು, ಆಮೇಲೆ ರೈಲುಗಳು ಸೇರುತ್ತಾ ಬಂದವು. ಏನೇ ಆಗಲಿ, ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ಬಸ್ಸಿನೊಳಗೆ ಕೂತು ಬೆವರುವುದು ತಪ್ಪುತ್ತದೆ.

ಆದರೆ ಮನೆ ಯಾವ ರಸ್ತೆಗೆ ಮುಖ ಮಾಡಿದೆ ನೋಡಿ. ಮಾರೇನಹಳ್ಳಿ ರಸ್ತೆಗೇ ಅಂಟಿಕೊಂಡಿದ್ದರೆ ನನ್ನ ಪ್ರಕಾರ ಬೇಡ. ಅಲ್ಲಿ ರಾಗಿಗುಡ್ಡದಿಂದ ಸಿಲ್ಕ್ ಬೋರ್ಡ್‌ವರೆಗೆ ಡಬಲ್ ಡೆಕ್ಕರ್ ಇದೆ, ಕೆಳಗೆ ರಸ್ತೆ, ಅದರ ಮೇಲೆ ಫ್ಲೈಓವರ್, ಅದರ ಮೇಲೆ ಮೆಟ್ರೋ. ಎರಡನೇ ಮೂರನೇ ಮಹಡಿಯ ಬೆಡ್‌ರೂಮ್ ಕಿಟಕಿ ತೆಗೆದರೆ ಎದುರಿಗೇ ಲಾರಿ ಹೋಗುತ್ತದೆ. ಧೂಳು ಬಟ್ಟೆಯ ಸೋಫಾದ ಮೇಲೆ ಕೂರುತ್ತದೆ, ಆ ಸೋಫಾ ಹಾಳಾಯಿತು ಅಂತ ಹೋಗುವಾಗ ನಿಮ್ಮ ಅಡ್ವಾನ್ಸಿನಲ್ಲಿ ಹಿಡಿಯುತ್ತಾರೆ. ಒಳಗಿನ ಅಡ್ಡರಸ್ತೆಯ ಮನೆ ನೋಡಿ. ಮರದ ನೆರಳಿರುತ್ತದೆ, ನಾಲ್ಕನೇ ಬ್ಲಾಕ್ ಕಾಂಪ್ಲೆಕ್ಸಿಗೂ ದೂರವಿಲ್ಲ.

ಮನೆಯನ್ನು ರಾತ್ರಿ ಒಂಬತ್ತರ ಮೇಲೆ ಒಮ್ಮೆ ನೋಡಿ ಬನ್ನಿ. ಗಾಡಿ ಎಲ್ಲಿ ನಿಲ್ಲಿಸುತ್ತಾರೆ, ಬೀದಿ ದೀಪ ಇದೆಯಾ, ನಿಲ್ದಾಣದಿಂದ ನಡೆದು ಬರುವ ದಾರಿ ಹೇಗಿದೆ, ಎಲ್ಲ ಆಗಲೇ ಗೊತ್ತಾಗುವುದು.

ಲೆಕ್ಕಪತ್ರ

ಮೊದಲು ಒಂದು ಲೆಕ್ಕ. ಫರ್ನಿಶ್ಡ್ ಮತ್ತು ಸೆಮಿ ನಡುವೆ ತಿಂಗಳಿಗೆ 10,000 ವ್ಯತ್ಯಾಸ. ಹನ್ನೊಂದು ತಿಂಗಳಿಗೆ 1,10,000. ತಂಗಿಯ ಎಂಕಾಂ ಎರಡು ವರ್ಷ ಅಲ್ವಾ, ಅಷ್ಟೂ ದಿನ ಇದ್ದರೆ 2,40,000. ಬಾಡಿಗೆ ಏರಿಕೆ ಸೇರಿಸಿದರೆ ಇನ್ನೂ ಜಾಸ್ತಿ. ಸೆಮಿ ಮನೆಯಲ್ಲಿ ವಾರ್ಡ್‌ರೋಬ್, ಅಡುಗೆಮನೆಯ ಕಪಾಟು, ಫ್ಯಾನು, ಲೈಟು, ಗೀಸರ್ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನೀವು ತರಬೇಕಾದದ್ದು ಎರಡು ಮಂಚ, ಹಾಸಿಗೆ, ಸಾಧಾರಣ ಫ್ರಿಜ್, ವಾಷಿಂಗ್ ಮಷಿನ್, ಒಲೆ, ಒಂದು ಮೇಜು. ಹೊಸದೇ ಕೊಂಡರೂ ಎಪ್ಪತ್ತು ಎಂಬತ್ತು ಸಾವಿರದಲ್ಲಿ ಮುಗಿಯುತ್ತದೆ. ಶಿವಾಜಿನಗರದ ಕಡೆ ಹಳೇ ಪೀಠೋಪಕರಣದ ಅಂಗಡಿಗಳಿವೆ, ಅಲ್ಲಿ ಇನ್ನೂ ಕಡಿಮೆ. ಹೋಗುವಾಗ ಮಾರಿದರೆ ಸ್ವಲ್ಪ ದುಡ್ಡೂ ಬರುತ್ತದೆ. ಆರು ಎಂಟು ತಿಂಗಳ ಮಟ್ಟಿಗೆ ಬರುವವರಿಗೆ ಫರ್ನಿಶ್ಡ್ ಸರಿ. ಎರಡು ವರ್ಷಕ್ಕೆ ಅಲ್ಲ.

ಇನ್ನೊಂದು ವಿಷಯ, ಇದನ್ನು ಬ್ರೋಕರ್ ನಿಮಗೆ ಹೇಳಿರುವುದಿಲ್ಲ. ಓನರ್ ಅಮೆರಿಕದಲ್ಲಿದ್ದಾರೆ ಅಂದಿರಿ. ಅವರು ತೆರಿಗೆ ಲೆಕ್ಕದಲ್ಲಿ ಅನಿವಾಸಿ ಆಗಿದ್ದರೆ ಬಾಡಿಗೆ ಕೊಡುವಾಗ ಟಿಡಿಎಸ್ (ಅವರ ಆದಾಯ ತೆರಿಗೆಯ ಪಾಲು) ಹಿಡಿಯುವ ಹೊಣೆ ನಿಮ್ಮದು. ಇಲ್ಲೇ ಇರುವ ಓನರ್ ಆದರೆ ಬಾಡಿಗೆ ತಿಂಗಳಿಗೆ 50,000 ದಾಟಿದರೆ ಮಾತ್ರ, ಅದೂ 2% (2024ರ ಅಕ್ಟೋಬರ್‌ಗೆ ಮೊದಲು 5% ಇತ್ತು). ಎನ್‌ಆರ್‌ಐ ಓನರ್‌ಗೆ ಆ 50,000ದ ರಿಯಾಯಿತಿ ಇಲ್ಲ. ಮೊದಲ ರೂಪಾಯಿಯಿಂದಲೇ 30%, ಜೊತೆಗೆ ಸೆಸ್, ಒಟ್ಟು 31.2%. ನಿಮ್ಮ 42,000ದಲ್ಲಿ 13,104 ರೂಪಾಯಿ ಸರ್ಕಾರಕ್ಕೆ ಕಟ್ಟಿ, ಉಳಿದ 28,896 ಓನರ್ ಖಾತೆಗೆ ಹಾಕಬೇಕು. ಅದಕ್ಕೆ ನೀವು ಟ್ಯಾನ್ ಸಂಖ್ಯೆ (ತೆರಿಗೆ ಹಿಡಿದು ಕಟ್ಟುವವರಿಗೆ ಇಲಾಖೆ ಕೊಡುವ ನಂಬರ್) ಮಾಡಿಸಬೇಕು, ಮೂರು ತಿಂಗಳಿಗೊಮ್ಮೆ ವಿವರ ಸಲ್ಲಿಸಬೇಕು. ಓನರ್ ಆದಾಯ ತೆರಿಗೆ ಇಲಾಖೆಯಿಂದ ಕಡಿಮೆ ದರದ ಪ್ರಮಾಣಪತ್ರ ತಂದುಕೊಟ್ಟರೆ ಮಾತ್ರ ಕಡಿಮೆ ಹಿಡಿಯಬಹುದು.

ಸಾಗರದವಳು

ಇದು ನನಗೆ ಗೊತ್ತೇ ಇರಲಿಲ್ಲ, ತುಂಬ ಥ್ಯಾಂಕ್ಸ್. ಈಗಷ್ಟೇ ಬ್ರೋಕರ್‌ಗೆ ಫೋನ್ ಮಾಡಿ ಕೇಳಿದೆ. "ಮೇಡಂ, ಅದೆಲ್ಲ ಯಾರೂ ಮಾಡಲ್ಲ. ಬಾಡಿಗೆ ಭಾವಮೈದನ ಅಕೌಂಟಿಗೆ ಹಾಕಿ ಸಾಕು" ಅಂದರು. ಹಾಗೆ ಮಾಡಬಹುದಾ?

ಲೆಕ್ಕಪತ್ರ

ಬೇಡ. ಕರಾರು ಓನರ್ ಹೆಸರಲ್ಲಿ, ದುಡ್ಡು ಇನ್ನೊಬ್ಬರ ಖಾತೆಗೆ ಅಂದರೆ ನಾಳೆ ಬಾಡಿಗೆ ಕೊಟ್ಟಿದ್ದಕ್ಕೂ ಅಡ್ವಾನ್ಸ್ ಕೊಟ್ಟಿದ್ದಕ್ಕೂ ನಿಮ್ಮ ಹತ್ತಿರ ನೇರ ಪುರಾವೆ ಇರುವುದಿಲ್ಲ. ಟಿಡಿಎಸ್ ಹಿಡಿಯದಿದ್ದರೆ ಇಲಾಖೆ ಕೇಳುವುದು ಹಿಡಿಯಬೇಕಾಗಿದ್ದವರನ್ನು, ಅಂದರೆ ನಿಮ್ಮನ್ನು. ಬಡ್ಡಿ, ದಂಡವೂ ನಿಮಗೇ. ತೆರಿಗೆ ಉಳಿಸಲು ಎಚ್‌ಆರ್‌ಎ (ಸಂಬಳದಲ್ಲಿನ ಮನೆ ಬಾಡಿಗೆ ಭತ್ಯೆ) ತೋರಿಸುವುದಾದರೆ ವರ್ಷಕ್ಕೆ ಒಂದು ಲಕ್ಷದ ಮೇಲಿನ ಬಾಡಿಗೆಗೆ ಓನರ್ ಪ್ಯಾನ್ ಆಫೀಸಿಗೆ ಕೊಡಬೇಕು. ಆಗ ಎಲ್ಲ ಹೊರಗೆ ಬರುತ್ತದೆ. ಇದು ಭಾವಮೈದನ ತಲೆನೋವಲ್ಲ, ನಿಮ್ಮ ತಲೆನೋವು.

ಬೆಳ್ಳಂದೂರಿನಲ್ಲಿದ್ದವನು

ನಾನು ಬೆಳ್ಳಂದೂರಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಫುಲ್ ಫರ್ನಿಶ್ಡ್ ಮನೆಯಲ್ಲಿದ್ದೆ. ಅಡ್ವಾನ್ಸಿನಲ್ಲಿ ಎಷ್ಟು ಹಿಡಿಯಬೇಕು ಅಂತ ಓನರ್ ಜೊತೆ ತಿಂಗಳುಗಟ್ಟಲೆ ಹಗ್ಗ ಜಗ್ಗಾಟ ಆಯಿತು. ಅದಕ್ಕೇ ಈ ವಿಷಯದಲ್ಲಿ ಸ್ವಲ್ಪ ಉದ್ದಕ್ಕೆ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಅಲ್ಲಿ ಬೋರ್‌ವೆಲ್ ನೀರು, ಸಾಲದಿದ್ದಾಗ ಟ್ಯಾಂಕರ್. ಗಡಸು ಅಂದರೆ ಗಡಸು. ನಲ್ಲಿಯ ಬಾಯಲ್ಲಿ ಬಿಳಿ ಪೊರೆ ಕಟ್ಟುತ್ತದೆ. ಅದೇ ಪೊರೆ ಗೀಸರ್‌ನ ಕಾಯಿಲ್ ಮೇಲೆ, ವಾಷಿಂಗ್ ಮಷಿನ್ನಿನ ಡ್ರಮ್ ಹಿಂದೆ ಕೂರುತ್ತದೆ. ಮಷಿನ್ ನಿಂತಿತು. ಮೆಕ್ಯಾನಿಕ್ ಬಿಚ್ಚಿ ತೋರಿಸಿದ, ಒಳಗೆಲ್ಲ ಸುಣ್ಣ ಗಟ್ಟಿಯಾಗಿ ಕೂತಿತ್ತು, ಹಲವು ವರ್ಷದ್ದು. ಆದರೆ ಮಷಿನ್ ಎಷ್ಟು ಹಳೆಯದು ಅಂತ ಕರಾರಿನಲ್ಲಿ ಎಲ್ಲೂ ಇರಲಿಲ್ಲ. "ವಾಷಿಂಗ್ ಮಷಿನ್ - 1" ಅಂತ ಇತ್ತು, ಅಷ್ಟೇ. ಹೋಗುವಾಗ ಹೊಸ ಮಷಿನ್ನಿನ ಬೆಲೆ ಹಿಡಿದರು.

ಅದಕ್ಕೇ ಹೇಳುವುದು. ಫರ್ನಿಶ್ಡ್ ಮನೆಯಲ್ಲಿ ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು ಅನ್ನುವುದಕ್ಕಿಂತ ಸಾಮಾನಿನ ಪಟ್ಟಿ ಮುಖ್ಯ. ನಿಮ್ಮ ಎರಡೂವರೆ ಲಕ್ಷದ ಭವಿಷ್ಯ ಇರುವುದು ಆ ಒಂದು ಹಾಳೆಯಲ್ಲಿ. ಸಾಮಾನಿನ ಹೆಸರು ಮಾತ್ರ ಬರೆದರೆ ಪ್ರಯೋಜನವಿಲ್ಲ. ಯಾವ ಕಂಪನಿ, ಯಾವ ಮಾಡೆಲ್, ಯಾವ ವರ್ಷ ಕೊಂಡದ್ದು, ಈಗ ಹೇಗಿದೆ ಅಂತ ಬರಬೇಕು. "ಸೋಫಾ, ಮೂರು ಸೀಟು, ಎಡಗೈ ಹತ್ತಿರ ಬಟ್ಟೆ ಹರಿದಿದೆ." "ಡೈನಿಂಗ್ ಟೇಬಲ್, ಮಧ್ಯದಲ್ಲಿ ಬಿಸಿ ಪಾತ್ರೆಯ ಕಲೆ." "ಫ್ರಿಜ್, ತರಕಾರಿ ಟ್ರೇ ಬಿರುಕು ಬಿಟ್ಟಿದೆ." ಹೀಗೆ. ಕೆಳಗೆ ಇಬ್ಬರ ಸಹಿ.

ಬೀಗದ ಕೈ ತೆಗೆದುಕೊಳ್ಳುವ ದಿನ ನಿಮ್ಮ ಸಾಮಾನು ಒಳಗಿಡುವ ಮೊದಲು ವಿಡಿಯೋ ಮಾಡಿ. ಗೀಸರ್ ಹಾಕಿ ಬಿಸಿನೀರು ಬರುವವರೆಗೂ ನಿಲ್ಲಿ. ಮಷಿನ್ ಒಂದು ಸುತ್ತು ಓಡಿಸಿ. ಎಸಿ ಹಾಕಿ ಹತ್ತು ನಿಮಿಷ ಬಿಡಿ, ನೀರು ಗೋಡೆಗೆ ಇಳಿಯುತ್ತದಾ ನೋಡಿ. ಸಿಂಕಿನ ಕೆಳಗಿನ ಕಪಾಟಿನಲ್ಲಿ ಕೈ ಹಾಕಿ ಪ್ಲೈವುಡ್ ಒತ್ತಿ ನೋಡಿ, ಉಬ್ಬಿದ್ದರೆ ಬರೆಸಿ. ಕರೆಂಟ್ ಮೀಟರ್ ಫೋಟೋ ತೆಗೆಯಿರಿ. ಆ ವಿಡಿಯೋ ಓನರ್‌ಗೆ ಅದೇ ದಿನ ವಾಟ್ಸಾಪ್ ಮಾಡಿ. ಸುಮ್ನೆ ನಿಮ್ಮ ಫೋನಿನಲ್ಲಿದ್ದರೆ ಸಾಲದು.

ಹಾಸನದ ಅಕ್ಕ

ಮೇಲಿನವರು ಹೇಳಿದ್ದಕ್ಕೆ ನಾನೊಂದು ಸೇರಿಸುತ್ತೇನೆ: ಹಾಸಿಗೆ. ಇದನ್ನು ಯಾರೂ ನೋಡುವುದಿಲ್ಲ, ನಾಚಿಕೆ ಅಂತ ಕೇಳುವುದೂ ಇಲ್ಲ. ಬೆಡ್‌ಶೀಟ್ ತೆಗೆಯಿರಿ. ಹಾಸಿಗೆಯ ಅಂಚಿನಲ್ಲಿ ಸುತ್ತಲೂ ದಪ್ಪ ಹೊಲಿಗೆ ಇರುತ್ತದಲ್ಲ, ಅದನ್ನು ಹೆಬ್ಬೆರಳಿನಿಂದ ಬಿಡಿಸುತ್ತಾ ಹೋಗಿ. ಸಾಸಿವೆಗಿಂತ ಸಣ್ಣ ಕಪ್ಪು ಚುಕ್ಕೆಗಳು ಸಾಲಾಗಿ ಕಂಡರೆ ತಿಗಣೆ ಇದೆ ಅಂತಲೇ. ಮಂಚದ ತಲೆಭಾಗ ಗೋಡೆಗೆ ತಾಗುವ ಕಡೆ, ಸ್ಕ್ರೂ ಕೂರುವ ತೂತುಗಳಲ್ಲಿ ಫೋನಿನ ಟಾರ್ಚ್ ಬಿಟ್ಟು ನೋಡಿ. ಹಳೇ ಸೋಫಾದ ಕುಶನ್ ಕೆಳಗೂ ನೋಡಿ. ಒಮ್ಮೆ ನಿಮ್ಮ ಬಟ್ಟೆಗೆ ಹತ್ತಿತು ಅಂದರೆ ಊರಿಗೆ ಹೋದಾಗ ಅಲ್ಲಿಗೂ ಹೋಗುತ್ತದೆ. ಒಬ್ಬರಾದ ಮೇಲೆ ಒಬ್ಬರು ಬಾಡಿಗೆದಾರರು ಮಲಗಿ ಎದ್ದ ಹಾಸಿಗೆ ಅದು. ನನ್ನನ್ನು ಕೇಳಿದರೆ, ಮಂಚ ಅವರದ್ದಿರಲಿ, ಹಾಸಿಗೆ ನಿಮ್ಮದೇ ಇರಲಿ.

ಇನ್ನೊಂದು, ನೀವಿಬ್ಬರೂ ಹೆಣ್ಣುಮಕ್ಕಳು. ಯಾರು ಬರಬಹುದು, ಎಷ್ಟು ಹೊತ್ತಿಗೆ ಬರಬೇಕು, ಮೊಟ್ಟೆ ಮೀನು ಮಾಡಬಹುದಾ, ಇದೆಲ್ಲ ಮೊದಲೇ ಬಾಯಿಬಿಟ್ಟು ಕೇಳಿ. ಓನರ್‌ದು ಮಾತ್ರ ಅಲ್ಲ, ಅಸೋಸಿಯೇಷನ್ನಿನ ನಿಯಮವನ್ನೂ ಕೇಳಿ. ಅಪ್ಪ ಅಮ್ಮ ಬಂದು ಹದಿನೈದು ದಿನ ಇದ್ದರೆ ತಕರಾರು ತೆಗೆಯುವವರನ್ನು ನೋಡಿದ್ದೇನೆ. ಮತ್ತೆ, ಎಲ್ಲ ಬೀಗದ ಕೈ ಎಷ್ಟಿವೆ, ಯಾರ ಹತ್ತಿರ ಇವೆ ಅಂತ ಕೇಳಿ. ಭಾವಮೈದನ ಹತ್ತಿರ ಒಂದು ಉಳಿಯುವುದಾದರೆ ಆ ಮನೆ ಬೇಡವೇ ಬೇಡ. ಮುಂಬಾಗಿಲಿನ ಬೀಗ ನಿಮ್ಮ ಖರ್ಚಿನಲ್ಲಾದರೂ ಬದಲಿಸಿ.

ಜೆ.ಪಿ. ನಗರದ ಓನರ್

ಓನರ್ ಕಡೆಯ ಮಾತನ್ನೂ ಕೇಳಿ. ನಾನು ಕೆಳಗಿದ್ದೇನೆ, ಮೇಲಿನ ಮನೆ ಸಾಮಾನು ಸಮೇತ ಬಾಡಿಗೆಗೆ ಕೊಡುತ್ತೇನೆ. ನಮ್ಮ ಅಪ್ಪ ಅಮ್ಮ ಇದ್ದ ಮನೆ ಅದು, ಅವರ ತೇಗದ ಮಂಚ ಈಗಲೂ ಅಲ್ಲೇ ಇದೆ. ಆ ಮಂಚದ ಮೇಲೆ ಇಸ್ತ್ರಿ ಪೆಟ್ಟಿಗೆ ಇಟ್ಟು ಮರ ಸುಟ್ಟವರಿದ್ದಾರೆ. ಬಾತ್‌ರೂಮಿಗೆ ಆಸಿಡ್ ಸುರಿದು ನಲ್ಲಿಗಳ ಹೊಳಪು ಕಳೆದವರಿದ್ದಾರೆ. ಗ್ರಾನೈಟ್ ಕಟ್ಟೆಯ ಮೇಲೆ ತೆಂಗಿನಕಾಯಿ ಒಡೆದವರೂ ಇದ್ದಾರೆ. ಅಡ್ವಾನ್ಸ್ ಕೇಳುವುದು ಆಸೆಯಿಂದಲ್ಲ, ಹೆದರಿಕೆಯಿಂದ.

ಮೊದಲು ಬೆಂಗಳೂರಿನಲ್ಲಿ ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್ ಅಂತ ಪದ್ಧತಿಯೇ ಇತ್ತು. ಈಗ ಆರು, ಐದಕ್ಕೂ ಒಪ್ಪುತ್ತಾರೆ. ಸಾಮಾನು ಸಮೇತ ಕೊಡುವವರು ಸ್ವಲ್ಪ ಹಿಂದೆ ಮುಂದೆ ನೋಡುತ್ತಾರೆ, ಅದು ಸಹಜ. ಒಳ್ಳೆ ಬಾಡಿಗೆದಾರರು ಅನ್ನಿಸಿದರೆ ನಾವೇ ಇಳಿಸುತ್ತೇವೆ. ನಿಮ್ಮ ಆಫೀಸಿನ ನೇಮಕಾತಿ ಪತ್ರ, ತಂಗಿಯ ಕಾಲೇಜಿನ ದಾಖಲೆ ತೋರಿಸಿ. ಊರಿನಿಂದ ಅಪ್ಪ ಒಮ್ಮೆ ಬಂದು ಮಾತಾಡಿದರೆ ಅರ್ಧ ಕೆಲಸ ಆದ ಹಾಗೆ.

ರಿಪೇರಿಯ ಬಗ್ಗೆ ನಾನು ಮಾಡುವುದು ಹೀಗೆ. ಸಾವಿರ ರೂಪಾಯಿಯೊಳಗಿನದು ಬಾಡಿಗೆದಾರರದ್ದು: ಬಲ್ಬು, ನಲ್ಲಿಯ ವಾಷರ್, ಕಟ್ಟಿಕೊಂಡ ಸಿಂಕು. ಅದರ ಮೇಲಿನದು ನನ್ನದು, ಅವರು ಬೇಕಂತ ಮುರಿದಿಲ್ಲದಿದ್ದರೆ. ಫ್ರಿಜ್ಜಿನ ಕಂಪ್ರೆಸರ್ ಹೋದರೆ ನಾನೇ ಮಾಡಿಸುತ್ತೇನೆ. ಬಾಡಿಗೆಯಲ್ಲಿ ಆ ಫ್ರಿಜ್ಜಿನ ದುಡ್ಡೂ ಸೇರಿದೆ ತಾನೇ. ನಮ್ಮ ಮನೆಗೆ ಕಾವೇರಿ ನೀರು ಬರುತ್ತದೆ, ಆದ್ದರಿಂದ ಮಷಿನ್ನಿನ ತೊಂದರೆ ಕಡಿಮೆ. ನೀವು ನೋಡಿದ ಮನೆಗೆ ಯಾವ ನೀರು ಅಂತ ಕೇಳಿದ್ದೀರಾ? ಎಷ್ಟು ಪಾಲು ಕಾವೇರಿ, ಎಷ್ಟು ಪಾಲು ಬೋರ್ ಅಂತ ವಾಚ್‌ಮನ್‌ನ ಕೇಳಿ, ಅವರಿಗೆ ಗೊತ್ತಿರುತ್ತದೆ.

ಹೋಗುವಾಗ ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿಯುವುದು ಎಲ್ಲರೂ ಮಾಡುತ್ತಾರೆ, ಅದನ್ನು ತಪ್ಪು ತಿಳಿಯಬೇಡಿ.

ಬೆಳ್ಳಂದೂರಿನಲ್ಲಿದ್ದವನು

ಸರ್, ನಿಮ್ಮಂಥ ಓನರ್ ಸಿಕ್ಕಿದ್ದರೆ ನಾನು ಮನೆ ಬಿಡುತ್ತಲೇ ಇರಲಿಲ್ಲ. ಆದರೆ ಪೇಂಟಿಂಗ್ ಮಾತು ಒಪ್ಪುವುದಿಲ್ಲ. 42,000 ರೂಪಾಯಿ ಬಣ್ಣಕ್ಕೆ? ಬಾಡಿಗೆ ಸಾಮಾನಿನಿಂದ ಜಾಸ್ತಿ ಆಗಿದೆ, ಗೋಡೆಗಳೇನೂ ಜಾಸ್ತಿ ಆಗಿಲ್ಲ. ಪಕ್ಕದ ಸೆಮಿ ಮನೆಗೆ ಅದೇ ಗೋಡೆ, ಅದೇ ಬಣ್ಣ, ಅಲ್ಲಿ 32,000 ಹಿಡಿಯುತ್ತಾರೆ. ಇದು ಯಾವ ನ್ಯಾಯ? ಒಂದು ವರ್ಷಕ್ಕೇ ಖಾಲಿ ಮಾಡಿದರೂ, ಐದು ವರ್ಷ ಇದ್ದರೂ ಒಂದೇ ಮೊತ್ತ ಹಿಡಿಯುವುದು ಇನ್ನೊಂದು ಅನ್ಯಾಯ. ಎಷ್ಟೋ ಕಡೆ ಬಣ್ಣ ಹೊಡೆಸದೇ ಮುಂದಿನವರಿಗೆ ಕೊಡುತ್ತಾರೆ.

ಜೆ.ಪಿ. ನಗರದ ಓನರ್

ಸಾಮಾನಿನ ಬಾಡಿಗೆ ಸೇರಿಸಿ ಪೇಂಟಿಂಗ್ ಲೆಕ್ಕ ಹಾಕುವುದು ಸರಿಯಲ್ಲ ಅನ್ನುವುದು ಒಪ್ಪಿದೆ. ಹಾಗಿದ್ದರೆ ಒಂದು ಮೊತ್ತ ಮೊದಲೇ ನಿಗದಿ ಮಾಡಿ ಕರಾರಿನಲ್ಲಿ ಬರೆಯಿರಿ, ಅಥವಾ ಬಿಲ್ ತೋರಿಸಿ ಹಿಡಿಯಬೇಕು ಅಂತ ಬರೆಯಿರಿ. ನಾನು ಮುಂದಿನ ಕರಾರಿನಲ್ಲಿ ಹಾಗೇ ಮಾಡುತ್ತೇನೆ.

ಸಿವಿಲ್ ವಕೀಲೆ

ಚರ್ಚೆ ಚೆನ್ನಾಗಿದೆ. ಕಾನೂನಿನ ಬಗ್ಗೆ ನಾಲ್ಕು ಮಾತು ಸೇರಿಸುತ್ತೇನೆ.

ಕರ್ನಾಟಕ ಬಾಡಿಗೆ ಕಾಯ್ದೆ 1999 ನಮ್ಮನ್ನು ಕಾಪಾಡುತ್ತದೆ ಅಂತ ತುಂಬ ಜನ ನಂಬಿದ್ದಾರೆ. ಬೆಂಗಳೂರಿನಂಥ ನಗರದಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ಮನೆಗಳು ಆ ಕಾಯ್ದೆಯ ಹೊರಗೆ. ಈಗ ಆ ಬಾಡಿಗೆಗೆ ಒಂದು ರೂಮೂ ಸಿಗುವುದಿಲ್ಲ. ಹಾಗಾಗಿ ನಿಮ್ಮ ವಿಷಯದಲ್ಲಿ ಲೆಕ್ಕಕ್ಕೆ ಬರುವುದು ನಿಮ್ಮ ಕರಾರು ಮತ್ತು 1882ರ ಆಸ್ತಿ ವರ್ಗಾವಣೆ ಕಾಯ್ದೆ. 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡು ತಿಂಗಳಿಗಿಂತ ಜಾಸ್ತಿ ಠೇವಣಿ ಕೇಳಬಾರದು ಅಂತ ಇದೆ. ಆದರೆ ಅದು ಕೇಂದ್ರ ಕೊಟ್ಟ ಮಾದರಿ ಮಾತ್ರ, ರಾಜ್ಯ ತನ್ನ ಕಾನೂನು ಮಾಡಿಕೊಂಡರಷ್ಟೇ ಜಾರಿ. ಅದನ್ನು ತೋರಿಸಿ ಓನರ್ ಹತ್ತಿರ ಹಠ ಹಿಡಿಯಲು ಬರುವುದಿಲ್ಲ.

ಹನ್ನೊಂದು ತಿಂಗಳ ಕರಾರು ಯಾಕೆ ಅಂದರೆ, ಒಂದು ವರ್ಷ ಮೀರಿದ ಗುತ್ತಿಗೆಗೆ 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಣಿ ಕಡ್ಡಾಯ. ಅದನ್ನು ತಪ್ಪಿಸಲು ಹನ್ನೊಂದು.

ಬೆಳ್ಳಂದೂರಿನವರ ಮಷಿನ್ ವಿಷಯಕ್ಕೆ ಬರೋಣ. ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಕಲಮಿನ ಪ್ರಕಾರ ಬಾಡಿಗೆದಾರ ಆಸ್ತಿಯನ್ನು ತಾನು ಪಡೆದ ಸ್ಥಿತಿಯಲ್ಲೇ ಹಿಂತಿರುಗಿಸಬೇಕು, ಆದರೆ ಸಹಜ ಬಳಕೆಯಿಂದ ಆಗುವ ಸವೆತಕ್ಕೆ ಅವನು ಹೊಣೆಯಲ್ಲ. ಇದು ಮನೆಯ ಬಗ್ಗೆ ಹೇಳಿದ್ದು. ಇದೇ ಮಾತನ್ನು ಸಾಮಾನಿಗೂ ಅನ್ವಯಿಸುವ ಹಾಗೆ ಕರಾರಿನಲ್ಲಿ ಸ್ಪಷ್ಟವಾಗಿ ಬರೆಸಿ: "ಪಟ್ಟಿಯಲ್ಲಿರುವ ವಸ್ತುಗಳ ಸಹಜ ಸವೆತಕ್ಕೆ ಬಾಡಿಗೆದಾರರು ಹೊಣೆಯಲ್ಲ. ಹಾನಿಯಾದರೆ ರಿಪೇರಿ ಖರ್ಚು, ರಿಪೇರಿ ಆಗದಿದ್ದರೆ ವಸ್ತುವಿನ ವಯಸ್ಸು ನೋಡಿ ಆಗಿನ ಬೆಲೆ ಮಾತ್ರ, ಬಿಲ್ ತೋರಿಸಿ ಕಡಿತ." ಈ ಎರಡು ಸಾಲು ಇದ್ದಿದ್ದರೆ ಅವರಿಂದ ಹೊಸ ಮಷಿನ್ನಿನ ಬೆಲೆ ಹಿಡಿಯಲು ಆಗುತ್ತಿರಲಿಲ್ಲ.

ಅಡ್ವಾನ್ಸ್ ಯಾವಾಗ ವಾಪಸ್ ಅನ್ನುವುದೂ ಬರೆದಿರಬೇಕು. "ಮನೆ ಖಾಲಿ ಮಾಡಿದ ಮೇಲೆ" ಅಂತ ಬರೆದರೆ ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. "ಬೀಗದ ಕೈ ಒಪ್ಪಿಸಿದ ದಿನವೇ, ಅಥವಾ ಏಳು ದಿನದೊಳಗೆ, ತಡವಾದರೆ ಬಡ್ಡಿ ಸಮೇತ" ಅಂತ ಬರೆಸಿ. ನೋಟಿಸ್ ಅವಧಿ ಇಬ್ಬರಿಗೂ ಒಂದೇ ಇರಲಿ. ಲಾಕ್-ಇನ್ (ಇಷ್ಟು ತಿಂಗಳು ಖಾಲಿ ಮಾಡುವಂತಿಲ್ಲ ಅನ್ನುವ ಷರತ್ತು) ಇದ್ದರೆ ಕೆಲಸ ಬದಲಾಗಿ ಬೇರೆ ಊರಿಗೆ ಹೋಗಬೇಕಾದರೆ ಏನು ಅಂತಲೂ ಇರಲಿ.

ಭಾವಮೈದ ಸಹಿ ಹಾಕುವುದಾದರೆ ಓನರ್ ಕೊಟ್ಟ ಪವರ್ ಆಫ್ ಅಟಾರ್ನಿ ನೋಡಿ, ಅದರಲ್ಲಿ ಬಾಡಿಗೆಗೆ ಕೊಡುವ, ದುಡ್ಡು ಪಡೆಯುವ ಅಧಿಕಾರ ಇದೆಯಾ ಓದಿ, ಒಂದು ಪ್ರತಿ ಇಟ್ಟುಕೊಳ್ಳಿ. ಅದಿಲ್ಲದೆ ಅವರ ಸಹಿಗೆ ಬೆಲೆಯಿಲ್ಲ. ಮನೆಯ ತೆರಿಗೆ ರಸೀದಿಯಲ್ಲಿ ಯಾರ ಹೆಸರಿದೆ ನೋಡುವುದಕ್ಕೂ ಸಂಕೋಚ ಬೇಡ.

ಒಂದು ವೇಳೆ ಅಡ್ವಾನ್ಸ್ ಕೊಡದೆ ಸತಾಯಿಸಿದರೆ ಮೊದಲು ವಕೀಲರ ನೋಟಿಸ್. ಎಷ್ಟೋ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಇಲ್ಲವಾದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟು ಇಬ್ಬರನ್ನೂ ಕೂರಿಸಿ ಮಾತಾಡಿಸಬಹುದು. ಕೋರ್ಟಿಗೆ ಹೋಗುವುದು ಕೊನೆಯ ಮಾತು, ಅದಕ್ಕೂ ಮೂರು ವರ್ಷದ ಗಡುವಿದೆ.

ಕೆಂಗೇರಿ ಕಡೆಯವನು

ಮನೆ ನೋಡದೆ ಟೋಕನ್ ಮಾತ್ರ ಯಾರಿಗೂ ಕಳಿಸಬೇಡಿ. ಆನ್‌ಲೈನಿನಲ್ಲಿ ಚೆಂದದ ಫರ್ನಿಶ್ಡ್ ಮನೆಯ ಫೋಟೋ, ಕಡಿಮೆ ಬಾಡಿಗೆ. ಫೋನ್ ಮಾಡಿದರೆ "ನಾನು ಸೇನೆಯಲ್ಲಿದ್ದೇನೆ, ವರ್ಗ ಆಗಿದೆ, ಗೇಟ್ ಪಾಸಿಗೆ ಸ್ವಲ್ಪ ದುಡ್ಡು ಹಾಕಿ, ವಾಪಸ್ ಕೊಡುತ್ತೇನೆ" ಅನ್ನುತ್ತಾರೆ. ಕ್ಯೂಆರ್ ಕೋಡ್ ಕಳಿಸುತ್ತಾರೆ. ದುಡ್ಡು ಬರಲು ಪಿನ್ ಒತ್ತುವುದು ಅಂತ ಯಾವತ್ತೂ ಇಲ್ಲ, ಪಿನ್ ಒತ್ತಿದರೆ ದುಡ್ಡು ಹೋಗುತ್ತದೆ ಅಷ್ಟೇ. ಹಾಗೇನಾದರೂ ಆದರೆ ತಡ ಮಾಡದೆ 1930ಕ್ಕೆ ಫೋನ್ ಮಾಡಿ. ನಮ್ಮ ಹಾಸ್ಟೆಲಿನ ಹುಡುಗನಿಗೆ ಆಗಿದ್ದನ್ನು ಕಣ್ಣಾರೆ ನೋಡಿ ಹೇಳುತ್ತಿದ್ದೇನೆ.

ಸಾಗರದವಳು

ಎಲ್ಲರ ಮಾತನ್ನೂ ಅಪ್ಪನಿಗೆ ಓದಿ ಹೇಳಿದೆ. ಶನಿವಾರ ಅವರೂ ಬಂದಿದ್ದರು.

ಅಮೆರಿಕದ ಓನರ್ ಮನೆ ಬಿಟ್ಟೆವು. ಟಿಡಿಎಸ್ ಕಟ್ಟಿ ಉಳಿದದ್ದು ಹಾಕುತ್ತೇವೆ ಅಂದಾಗ ಭಾವಮೈದ ಸಿಟ್ಟಾದರು, "ಹಾಗಾದರೆ ಬಾಡಿಗೆ ಐವತ್ತೈದು ಸಾವಿರ ಆಗುತ್ತೆ" ಅಂದರು. ಪವರ್ ಆಫ್ ಅಟಾರ್ನಿ ಕೇಳಿದರೆ ಮೇಲ್ ಇದೆ, ಸಾಕು ಅಂದರು. ಹಾಸಿಗೆಯ ಹೊಲಿಗೆ ಬಿಡಿಸಿ ನೋಡಿದ್ದು ಅಪ್ಪ. ಹಾಸನದ ಅಕ್ಕ, ನೀವು ಹೇಳಿದ ಚುಕ್ಕೆಗಳು ಇದ್ದವು. ಅಪ್ಪ ಏನೂ ಮಾತಾಡದೆ ಬೆಡ್‌ಶೀಟ್ ಮತ್ತೆ ಹೊದಿಸಿ ಹೊರಗೆ ಬಂದರು.

ಅಲ್ಲಿಂದ ಎರಡು ಅಡ್ಡರಸ್ತೆ ಆಚೆ ಟು-ಲೆಟ್ ಬೋರ್ಡ್ ನೋಡಿ ಒಂದು ಮನೆಯ ಬೆಲ್ ಒತ್ತಿದೆವು, ಬ್ರೋಕರ್ ಇಲ್ಲ. ಮೊದಲ ಮಹಡಿ, ಸೆಮಿ ಫರ್ನಿಶ್ಡ್. ಓನರ್ ದಂಪತಿ ನಿವೃತ್ತರು, ಕೆಳಗೇ ಇದ್ದಾರೆ. ಕಾವೇರಿ ನೀರು ಇದೆ, ಬೋರ್ ಕೂಡ ಇದೆ. ಬಾಡಿಗೆ 33,000 ಹೇಳಿದರು, ಆಷಾಢದಲ್ಲೇ ಬರುತ್ತೇವೆ ಅಂದಿದ್ದಕ್ಕೆ 31,000ಕ್ಕೆ ಇಳಿಸಿದರು. ಅಡ್ವಾನ್ಸ್ ಒಂದೂವರೆ ಲಕ್ಷ. ಎರಡು ಮಂಚ, ಒಂದು ಹಳೇ ಫ್ರಿಜ್ ಇದೆ, ಬೇಕಾದರೆ ಬಿಡುತ್ತೇವೆ ಅಂತಾರೆ. ಬಿಡಲು ಹೇಳಬೇಕಾ, ತೆಗೆಸಬೇಕಾ?

ಲೆಕ್ಕಪತ್ರ

ತುಂಬ ಒಳ್ಳೆಯದಾಯಿತು. ಮಂಚ ಬಿಡಲು ಹೇಳಿ, ಮರದ್ದಾದರೆ ಏನೂ ಆಗುವುದಿಲ್ಲ. ಹಳೇ ಫ್ರಿಜ್ ತೆಗೆಸಿ. ಕರೆಂಟ್ ಜಾಸ್ತಿ ಎಳೆಯುತ್ತದೆ, ಕೆಟ್ಟರೆ ಯಾರು ಮಾಡಿಸಬೇಕು ಅಂತ ಕೆಳಗಿನವರ ಜೊತೆ ಮನಸ್ತಾಪ. ಒಂದೇ ಮನೆಯಲ್ಲಿ ಮೇಲೆ ಕೆಳಗೆ ಇರುವವರಿಗೆ ಅದು ಬೇಡ. ಓನರ್ ಇಲ್ಲೇ ಇದ್ದಾರೆ, ಬಾಡಿಗೆ ಐವತ್ತು ಸಾವಿರದೊಳಗೆ, ಆದ್ದರಿಂದ ಟಿಡಿಎಸ್ ಚಿಂತೆ ಇಲ್ಲ. ಪ್ಯಾನ್ ಸಂಖ್ಯೆ ಮಾತ್ರ ಈಗಲೇ ಕೇಳಿ ಕರಾರಿನಲ್ಲಿ ಬರೆಸಿ.

ಜೆ.ಪಿ. ನಗರದ ಓನರ್

ಎರಡೇ ಮಂಚ ಆದರೂ ಪಟ್ಟಿ ಮಾಡಿ, ಮರೆಯಬೇಡಿ. ಗೀಸರ್, ಚಿಮಣಿ, ಫ್ಯಾನು, ಕರ್ಟನ್ ರಾಡು, ಎಲ್ಲ ಆ ಪಟ್ಟಿಗೆ ಬರಬೇಕು. ವಯಸ್ಸಾದವರು ಮನೆಯಲ್ಲಿದ್ದಾರೆ ಅಂದರೆ ನಿಮಗೂ ಒಂದು ಧೈರ್ಯ. ಪೊಲೀಸ್ ಠಾಣೆಗೆ ಬಾಡಿಗೆದಾರರ ವಿವರ ಕೊಡುತ್ತೇವೆ ಅಂದರೆ ಬೇಜಾರು ಮಾಡಿಕೊಳ್ಳಬೇಡಿ, ಆಧಾರ್ ಪ್ರತಿ ಕೊಡುವಾಗ ಅದರ ಮೇಲೆ ಯಾವ ಕೆಲಸಕ್ಕೆ ಅಂತ ಬರೆದು ಕೊಡಿ.

ಸಾಗರದವಳು

ಪಟ್ಟಿ ಇವತ್ತು ಮಾಡಿದೆವು. ಆಂಟಿಯೇ ಪೆನ್ನು ಹಿಡಿದು ಕೂತರು, ನಾನು ಹೇಳುತ್ತಾ ಹೋದೆ. ಅಡುಗೆಮನೆಯ ಮೂರನೇ ಡ್ರಾಯರ್ ಸರಿಯಾಗಿ ಮುಚ್ಚುವುದಿಲ್ಲ, ಹಿಂದಿನ ಬಾಲ್ಕನಿಯ ಸೊಳ್ಳೆ ಪರದೆ ಹರಿದಿದೆ, ಹಾಲಿನ ಒಂದು ಸ್ವಿಚ್ ಬೋರ್ಡ್ ಸಡಿಲ ಇದೆ ಅಂತ ಅವರೇ ಸೇರಿಸಿ ಬರೆದರು. ಪೇಂಟಿಂಗ್‌ಗೆ 15,000 ಅಂತ ನಿಗದಿ ಮಾಡಿದ್ದೇವೆ, ಎರಡು ವರ್ಷ ಇದ್ದರೆ ಮಾತ್ರ. ಅದಕ್ಕಿಂತ ಮೊದಲು ಖಾಲಿ ಮಾಡಿದರೆ ಬಿಲ್ ನೋಡಿ ಅರ್ಧ. ಅಡ್ವಾನ್ಸ್ ಬೀಗದ ಕೈ ಕೊಟ್ಟ ಏಳು ದಿನದೊಳಗೆ. ವಕೀಲೆ ಮೇಡಂ ಹೇಳಿದ ಸವೆತದ ಸಾಲುಗಳನ್ನು ಹಾಗೇ ಹಾಕಿದ್ದೇವೆ. ಅಂಕಲ್ ಓದಿ "ಇದು ನಮಗೂ ಒಳ್ಳೆಯದೇ" ಅಂದರು.

ಬೇಸಿಗೆಯಲ್ಲಿ ಟ್ಯಾಂಕರ್ ತರಿಸಿದರೆ ಖರ್ಚು ಅರ್ಧ ಅರ್ಧ ಅಂತ ಕೇಳಿದ್ದಾರೆ, ಒಪ್ಪಿದ್ದೇವೆ. ಇನ್ನೊಂದೇ ಪ್ರಶ್ನೆ. ಗೃಹಜ್ಯೋತಿ ನಮಗೆ ಸಿಗುತ್ತದಾ? ಹಿಂದೆ ಇದ್ದವರು ಮಾಡಿಸಿಕೊಂಡಿದ್ದರಂತೆ.

ಒಂಬತ್ತನೇ ಬ್ಲಾಕ್ ನಿವಾಸಿ

ಬಾಡಿಗೆದಾರರಿಗೂ ಸಿಗುತ್ತದೆ. ಬೆಸ್ಕಾಂ ಬಿಲ್ಲಿನಲ್ಲಿ ನಿಮ್ಮ ಮಹಡಿಯ ಮೀಟರಿನ ಆರ್‌ಆರ್ ಸಂಖ್ಯೆ ಇರುತ್ತದೆ. ಹಿಂದಿನವರ ಆಧಾರ್ ಆ ಸಂಖ್ಯೆಗೆ ಜೋಡಣೆ ಆಗಿದ್ದರೆ ಮೊದಲು ಅವರು ಅದನ್ನು ಬಿಡಿಸಬೇಕು. ಸೇವಾ ಸಿಂಧು ಪೋರ್ಟಲಿನಲ್ಲೇ ಆಗುತ್ತದೆ, ಆಂಟಿ ಹತ್ತಿರ ಅವರ ಫೋನ್ ನಂಬರ್ ತೆಗೆದುಕೊಂಡು ಇವತ್ತೇ ಹೇಳಿಸಿ. ಆಮೇಲೆ ಕರಾರು ಪತ್ರ, ಆಧಾರ್ ಇಟ್ಟುಕೊಂಡು ನಿಮ್ಮ ಹೆಸರಿನಲ್ಲಿ ಅರ್ಜಿ ಹಾಕಿ. 200 ಯೂನಿಟ್ ದಾಟಿದ ತಿಂಗಳು ಪೂರ್ತಿ ಬಿಲ್ ಕಟ್ಟಬೇಕು, ಗೀಸರ್ ಆಫ್ ಮಾಡುವುದು ನೆನಪಿರಲಿ. ಮೀಟರ್ ಫೋಟೋ ತೆಗೆದಿರಿ ತಾನೇ?

ಸಾಗರದವಳು

ತೆಗೆದೆ. ಆಂಟಿಗೂ ಅಂಕಲ್‌ಗೂ ಇಬ್ಬರಿಗೂ ಕಳಿಸಿದ್ದೇನೆ. ಹಿಂದಿನವರ ನಂಬರ್ ಸಿಕ್ಕಿದೆ, ಸಂಜೆ ಮಾತಾಡುತ್ತೇನೆ.